ಡೆಕ್ಕಿನ ಮೇಲೆ ಇಟ್ಟದ್ದು

ಕ್ಯಾಲಿಫೋರ್ನಿಯಾದಲ್ಲಿ ಎಲ್ಲಿಂದ ಬಂತಮ್ಮ ಐಸು ಅಂತ ಕೇಳುವವರಿಗೆ ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ. ಬರುತ್ತೆ. ವರ್ಷಾ ವರ್ಷಾ ಬರುವುದಿಲ್ಲ, ಕೆಳಗೆ ಫ್ರೀಮಾಂಟಿನಲ್ಲಿ ಇರುವವರಿಗೆ ಜನ್ಮದಲ್ಲಿ ಒಂದು ಸಲವೂ ಬರದೆ ಇರಬಹುದು. ಆದರೆ ನಾವಿದ್ದದ್ದು ಲಾಸ್ ಗ್ಯಾಟೋಸಿನ ಮೇಲಿನ ಬೆಟ್ಟದಲ್ಲಿ. ನನಗೆ ಹನ್ನೊಂದು ವರ್ಷವಾಗಿದ್ದ ಚಳಿಗಾಲದಲ್ಲಿ ಅಲ್ಲಿಗೆ ಬಂತು. ಅಪ್ಪ, ಅಮ್ಮ, ಅಪ್ಪನ ಅಪ್ಪ ಅಂದರೆ ನನ್ನ ತಾತ, ಮತ್ತೆ ನಾನು, ನಾಲ್ಕು ಜನ ಆ ಮನೆಯೊಳಗೆ ಸಿಕ್ಕಿಹಾಕಿಕೊಂಡೆವು. ಗುರುವಾರದಿಂದ ಸೋಮವಾರದವರೆಗೆ, ಬರೀ ಐದು ದಿನ. ಆ ಐದು ದಿನದಲ್ಲಿ ನಾನು ಮಾಡಿದ್ದು ಒಂದು ಕೆಲಸ, ಆಡದೆ ನುಂಗಿದ್ದು ಒಂದು ಮಾತು. ಅದನ್ನು ಇಷ್ಟು ವರ್ಷ ಹೊತ್ತು ತಿರುಗಿ ನನಗೆ ಸುಸ್ತಾಗಿದೆ.

ಆ ಮನೆ ಅಪ್ಪನ ಆಯ್ಕೆ. ಮಂಡ್ಯದ ಕಡೆ ಕಬ್ಬಿನ ಗದ್ದೆಯ ಬಯಲಿನಲ್ಲಿ ಬೆಳೆದ ಮನುಷ್ಯನಿಗೆ ಬೆಟ್ಟದ ತುದಿಯಲ್ಲೇ ಇರಬೇಕೆಂಬ ಹುಚ್ಚು ಎಲ್ಲಿಂದ ಹತ್ತಿತೋ ಏನೋ. ಹೈವೇ ಬಿಟ್ಟ ಮೇಲೆ ಮೂರು ಮೈಲಿ ಸುತ್ತಿ ಸುತ್ತಿ ಹತ್ತುವ ಸಣ್ಣ ರಸ್ತೆ, ಅದರ ಕೊನೆಗೆ ಮನೆ, ಹಿಂದುಗಡೆ ಇಳಿಜಾರಿನ ಮೇಲೆ ಚಾಚಿಕೊಂಡಿದ್ದ ಮರದ ಡೆಕ್ಕು, ಸುತ್ತ ಆಕಾಶ ಮುಚ್ಚುವ ರೆಡ್‌ವುಡ್ ಮರಗಳು. ಅಮ್ಮ ಮೈಸೂರು ಪೇಟೆಯವಳು. ಅವಳಿಗೆ ಬೇಕಾಗಿದ್ದದ್ದು ಫ್ರೀಮಾಂಟಿನಲ್ಲಿ ಒಂದು ಅಪಾರ್ಟ್‌ಮೆಂಟು, ಕೆಳಗಿಳಿದರೆ ಕರಿಬೇವು ಸಿಗುವ ಅಂಗಡಿ, ಎದುರು ಬಾಗಿಲಲ್ಲಿ ಹರಟೆಗೆ ಒಬ್ಬಳು. ಸಿಕ್ಕಿದ್ದು ಕಾಡು. ಒಲೆ ಕರೆಂಟಿನದ್ದು, ಹೀಟರು ಕರೆಂಟಿನದ್ದು, ನೀರೆತ್ತುವ ಬೋರ್‌ವೆಲ್ಲಿನ ಪಂಪೂ ಕರೆಂಟಿನದ್ದೇ. ನಡುಮನೆಯಲ್ಲಿ ಮಾತ್ರ ಹಳೇ ಕಾಲದ ಇಟ್ಟಿಗೆಯ ಫೈರ್‌ಪ್ಲೇಸು ಒಂದಿತ್ತು. ಅದು ಪೂರ್ವಕ್ಕೆ ಮುಖ ಮಾಡಿಕೊಂಡಿತ್ತು ಅನ್ನುವ ಒಂದೇ ಕಾರಣಕ್ಕೆ ಅಮ್ಮ ಬಂದ ವಾರವೇ ಅದನ್ನು ತಿಕ್ಕಿ ತೊಳೆದು, ಒಳಗೆ ಮಣೆ ಹಾಕಿ, ದೇವರನ್ನೆಲ್ಲ ಕೂರಿಸಿಬಿಟ್ಟಿದ್ದಳು. ಗಾಳಿ ಜೋರಾದ ದಿನ ಚಿಮಣಿಯಿಂದ ಮಸಿ ಉದುರಿ ಗಣಪತಿಯ ತಲೆಯ ಮೇಲೆ ಬೀಳುತ್ತಿತ್ತು. ಅಮ್ಮ ಸೆರಗಿನಲ್ಲಿ ಒರೆಸುತ್ತಿದ್ದಳು.

ತಾತ ಬಂದು ಆಗ ನಾಲ್ಕು ತಿಂಗಳಾಗಿತ್ತು. ಅಜ್ಜಿ ತೀರಿಕೊಂಡ ಮೇಲೆ ಅಮ್ಮನೇ ಹಟ ಹಿಡಿದು ಕರೆಸಿಕೊಂಡಿದ್ದಳು. ನಾನು ಆ ದಿನಗಳಲ್ಲಿ ಕನ್ನಡ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ. ತಾತನಿಗೆ ನನ್ನ ಇಂಗ್ಲಿಷು ತಿಳಿಯುತ್ತಿರಲಿಲ್ಲ, ಅವರ ಜೊತೆ ಇಸ್ಪೀಟು ಆಡಬೇಕೆಂದರೆ ಬಾಯಿ ಬಿಡಲೇಬೇಕು, ಹಾಗಾಗಿ ಬಾಯಿ ಬಿಟ್ಟೆ. ಈಗ ಇದನ್ನು ಕನ್ನಡದಲ್ಲಿ ಬರೆಯುವಷ್ಟು ಭಾಷೆ ನನಗೆ ಬಂದದ್ದು ಅವರಿಂದ. ಅವರಿಗೆ ಸಕ್ಕರೆ ಕಾಯಿಲೆ, ದಿನಕ್ಕೆ ಎರಡು ಸಲ ಇನ್ಸುಲಿನ್ನು. ಔಷಧಿಯ ಡಬ್ಬಿ ಫ್ರಿಜ್ಜಿನ ಬಾಗಿಲಲ್ಲಿ, ಬೆಣ್ಣೆ ಇಡುವ ಮುಚ್ಚಳದ ಗೂಡಿನಲ್ಲಿ ಇರುತ್ತಿತ್ತು. ಸೂಜಿ ಚುಚ್ಚುವುದು ಅಮ್ಮನ ಕೆಲಸ. ಅಪ್ಪ ಮುಂದೆ ಬಂದರೆ ತಾತ ತೋಳು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು.

"ನಾಗನ ಕೈ ಒರಟು. ನೀನೇ ಆಕವ್ವ ಸುಧಾ."

ಅಮ್ಮ ಸೂಜಿ ಹಾಕುವಾಗ ಅವರು ನನಗೆ ಊರಿನ ಕತೆ ಹೇಳುತ್ತಿದ್ದರು.

"ನಮ್ಮೂರಾಗೆ ಆಗ ಫ್ರಿಜ್ಜು ಎಲ್ಲಿತ್ತು ಮಗಾ? ಕುಡಿಕೆಗೆ ನೀರು ಉಯ್ದು, ಅದ್ರೊಳಗೆ ಈ ಸೀಸೆ ಇಕ್ಕಿ, ನೆಳ್ಳಲ್ಲಿ ಮಡಗ್ತಿದ್ದೆ. ತಣ್ಣಗಿದ್ದಷ್ಟೂ ಬಾಳಿಕೆ ಕಣವ್ವ ಇದು."

ತಣ್ಣಗಿದ್ದಷ್ಟೂ ಒಳ್ಳೆಯದು. ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದು ಇಷ್ಟೇ. ಬಿಸಿಲಿನ ಸೀಮೆಯಿಂದ ಬಂದವರಿಗೆ ಬಿಸಿಯಿಂದ ಕೆಡುವುದು ಗೊತ್ತು, ತಣ್ಣಗಾಗಿ ಕೆಡುವುದು ಎಲ್ಲಿ ಗೊತ್ತಿರಬೇಕು?

ಗುರುವಾರ ಬೆಳಿಗ್ಗೆ ಮಳೆ ಸಣ್ಣಗೆ ಶುರುವಾಯಿತು. ಬಿದ್ದ ಹನಿ ಹರಿಯಲಿಲ್ಲ, ಬಿದ್ದಲ್ಲೇ ಗಾಜಾಯಿತು. ಕೊಂಬೆ, ತಂತಿ, ಕಾರಿನ ಬಾಗಿಲು, ಡೆಕ್ಕಿನ ಕಟಕಟೆ, ಎಲ್ಲದರ ಮೇಲೂ ಗಾಜು. ನಾನು ಶಾಲೆ ಇಲ್ಲ ಅಂತ ಕುಣಿದೆ. ಮಧ್ಯಾಹ್ನದ ಹೊತ್ತಿಗೆ ಭಾರ ತಡೆಯಲಾರದೆ ಮರಗಳು ಮುರಿಯತೊಡಗಿದವು. ಒಂದು ಮರ ಮುರಿದಾಗ ಕರೆಂಟು ಹೋಯಿತು, ಇನ್ನೊಂದು ಮುರಿದಾಗ ಫೋನು ಹೋಯಿತು, ಮೂರನೆಯದು ನಮ್ಮ ರಸ್ತೆಗೆ ಅಡ್ಡ ಮಲಗಿತು. ಮೊಬೈಲಿಗೆ ಆ ಬೆಟ್ಟದಲ್ಲಿ ಒಳ್ಳೆಯ ದಿನಗಳಲ್ಲೇ ಸಿಗ್ನಲ್ಲು ಸಿಗುತ್ತಿರಲಿಲ್ಲ. ಅಪ್ಪ ಬಾಗಿಲು ತೆರೆದು ಮೆಟ್ಟಿಲ ಮೇಲೆ ಕಾಲಿಟ್ಟವರು ಜಾರಿ ಬಿದ್ದಲ್ಲೇ ಕೂತರು. ಮನೆಯೊಳಗೆ ಬಾಯಿಂದ ಹೊಗೆ ಬರುವಷ್ಟು ಚಳಿಯಾದಾಗ ಎಲ್ಲರ ಕಣ್ಣೂ ಫೈರ್‌ಪ್ಲೇಸಿನ ಕಡೆ ಹೋಯಿತು, ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ತಾತನೇ ಬಿಟ್ಟರು.

"ದೇವ್ರು ಒಸಿ ಅತ್ಲಾಗೆ ಸರ್ಕಳ್ಳಿ. ಅವ್ರೇನು ಚಳಿಗೆ ಸಾಯಾಕಿಲ್ಲ, ನಾವು ಸಾಯ್ತೀವಿ."

ಅಮ್ಮ ಕೈಮುಗಿದು ಒಂದೊಂದೇ ದೇವರನ್ನು ಎತ್ತಿ ನನ್ನ ಪುಸ್ತಕದ ಕಪಾಟಿಗೆ ಸಾಗಿಸಿದಳು. ಬೆಂಕಿ ಹತ್ತಿತು, ಅದಕ್ಕಿಂತ ಹೆಚ್ಚು ಹೊಗೆ ಬಂತು, ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂದರೂ ಎಲ್ಲರೂ ನಕ್ಕೆವು. ಆ ಐದು ದಿನದಲ್ಲಿ ನಾವು ನಾಲ್ಕೂ ಜನ ಒಟ್ಟಿಗೆ ನಕ್ಕದ್ದು ಅದೊಂದೇ ಸಲ.

ಸಂಜೆಯಾಗುವಾಗ ಅಮ್ಮನಿಗೆ ಫ್ರಿಜ್ಜಿನ ಚಿಂತೆ ಹತ್ತಿತು. ಹಾಲು, ಮೊಸರು, ರುಬ್ಬಿಟ್ಟ ದೋಸೆ ಹಿಟ್ಟು, ತುರಿದಿಟ್ಟ ತೆಂಗಿನಕಾಯಿ. ಹೊರಗೆ ದೇವರೇ ಫ್ರಿಜ್ಜು ಇಟ್ಟಿದ್ದಾನಲ್ಲ, ಡೆಕ್ಕಿನ ಮೇಲಿಡಿ ಅಂದರು ಅಪ್ಪ. ಸರಿ, ಅಮ್ಮ ರಟ್ಟಿನ ಪೆಟ್ಟಿಗೆಗಳನ್ನು ತಂದಳು.

"ಪುಟ್ಟಿ, ಕೆಳಗಿನ ತರಕಾರಿ ಖಾನೆ ನಿಂದು. ಬಾಗಿಲಿನ ಬಾಟಲುಗಳು ನಂದು, ನೀನು ಒಡೆದು ಹಾಕ್ತೀಯ. ಒಂದೂ ಬಿಡಬೇಡ, ಎಲ್ಲ ಕೆಟ್ಟುಹೋಗುತ್ತೆ."

ಅವಳು ಬಾಟಲುಗಳನ್ನೆಲ್ಲ ತೆಗೆದು ಹೊರಗಿಟ್ಟಳು. ಅಷ್ಟರಲ್ಲಿ ಅಪ್ಪ ಒದ್ದೆ ಸೌದೆ ಹಿಡಿದುಕೊಂಡು ಕೂಗಿದರು ಅಂತ ಅತ್ತ ಓಡಿದಳು. ನಾನು ತರಕಾರಿ ಮುಗಿಸಿದೆ. ಒಂದೂ ಬಿಡಬೇಡ ಅಂದಿದ್ದಾಳಲ್ಲ ಅಂತ ಕೊನೆಗೆ ಬೆಣ್ಣೆ ಗೂಡಿನ ಮುಚ್ಚಳ ತೆರೆದು ನೋಡಿದೆ. ಬೆಣ್ಣೆಯೂ ಇತ್ತು, ತಾತನ ಡಬ್ಬಿಯೂ ಇತ್ತು. ಅಮ್ಮ ಮರೆತಿದ್ದಾಳೆ, ನಾನು ನೆನಪಿಟ್ಟೆ ಅಂತ ಎಂಥ ಹೆಮ್ಮೆ ನನಗೆ! ಎರಡನ್ನೂ ಡೆಕ್ಕಿನ ಪೆಟ್ಟಿಗೆಯೊಳಗೆ, ಮೊಸರಿನ ಪಕ್ಕ ನೀಟಾಗಿ ಇಟ್ಟು ಬಂದೆ. ತಾತನಿಗೆ ಸಂಜೆಯ ಸೂಜಿ ಮೊದಲೇ ಆಗಿತ್ತಾದ್ದರಿಂದ ಯಾರೂ ಹುಡುಕಲಿಲ್ಲ.

ಶುಕ್ರವಾರ ಬೆಳಿಗ್ಗೆ ದೋಸೆ ಹಿಟ್ಟು ಕಲ್ಲಾಗಿತ್ತು, ಹಾಲು ಡಬ್ಬ ಒಡೆದುಕೊಂಡು ಹೊರಬಂದಿತ್ತು. ಔಷಧಿ ಎಲ್ಲಿ ಅಂತ ಹುಡುಕಿದ ಅಮ್ಮನಿಗೆ ಅದು ಡೆಕ್ಕಿನ ಪೆಟ್ಟಿಗೆಯಲ್ಲಿ ಸಿಕ್ಕಿತು. ಡಬ್ಬಿಯಲ್ಲಿದ್ದದ್ದು ಎರಡು ಸೀಸೆ, ಎರಡೂ ಹೆಪ್ಪುಗಟ್ಟಿದ್ದವು. ಮನೆಯಲ್ಲಿ ಬೇರೆ ಇರಲಿಲ್ಲ. ಹೊಸದೂ, ಸಕ್ಕರೆ ನೋಡುವ ಮಿಷನ್ನಿನ ಪಟ್ಟಿಗಳೂ ಶನಿವಾರ ಕೆಳಗೆ ಹೋದಾಗ ತರುವುದೆಂದಿತ್ತು. ಅಮ್ಮ ಗಾಬರಿಯಾದಳು. ಅಪ್ಪ ಎಂಜಿನಿಯರು, ಅವರಿಗೆ ಗಾಬರಿ ಆಗುವುದಿಲ್ಲ.

"ಅದಕ್ಯಾಕೆ ಅಷ್ಟು ಗಾಬರಿ? ಕರಗಿಸಿದರಾಯ್ತು. ನೀರು ಐಸಾಗಿ ಕರಗಿದರೆ ನೀರೇ ತಾನೆ?"

ತಾತ ಸೀಸೆಯನ್ನು ಮುಷ್ಟಿಯಲ್ಲಿ ಹಿಡಿದು ಕಂಬಳಿಯೊಳಗೆ ಬೆಂಕಿಯ ಮುಂದೆ ಕೂತರು. ಕರಗಿತು. ಅಮ್ಮ ಸೂಜಿ ಹಾಕಿದಳು. ಹೊರಗೆ ಯಾರಿಟ್ಟದ್ದು ಅಂತ ಆ ಹೊತ್ತಿನಲ್ಲಿ ಯಾರೂ ಕೇಳಲಿಲ್ಲ, ನಾನಾಗಿ ಹೇಳುವ ಅಗತ್ಯವೂ ನನಗೆ ಕಾಣಲಿಲ್ಲ.

ಶನಿವಾರ ಅಂದರೆ ನನಗೆ ನೆನಪಿರುವುದು ಬರೀ ಸುಸ್ತು. ಕೂತು ಕೂತು ಸುಸ್ತು, ಹೊಗೆ ಕುಡಿದು ಸುಸ್ತು, ಮೂರು ಜೊತೆ ಬಟ್ಟೆ ಮೈಮೇಲೆ ಹೊತ್ತು ಸುಸ್ತು. ನಲ್ಲಿಯಲ್ಲಿ ನೀರಿಲ್ಲ. ಅಪ್ಪ ಕಿಟಕಿಯಿಂದ ಕೈಚಾಚಿ ಕಟಕಟೆಯ ಐಸು ಒಡೆದು ಕೊಡುತ್ತಿದ್ದರು, ಅಮ್ಮ ಕುಕ್ಕರಿನಲ್ಲಿ ಹಾಕಿ ಬೆಂಕಿಯ ಮೇಲಿಡುತ್ತಿದ್ದಳು. ಕುಕ್ಕರಿನ ತುಂಬ ಐಸಿಗೆ ಮೂರು ಲೋಟ ನೀರು ಬಂದರೆ ಹೆಚ್ಚು. ಊಟಕ್ಕೆ ಬೆಂಕಿಯಲ್ಲೇ ಕೂಡಿಸಿದ ರಾಗಿ ಮುದ್ದೆ, ಉಪ್ಪಿನಕಾಯಿ. ತಾತನಿಗೆ ಮುದ್ದೆ ಸೇರಲಿಲ್ಲ, ಮುದ್ದೆ ಬೇಡ ಅಂದ ತಾತನನ್ನು ನಾನು ಮೊದಲ ಸಲ ನೋಡಿದ್ದು ಅವತ್ತು. ಅವರು ನೀರು ಮಾತ್ರ ಕೇಳುತ್ತಿದ್ದರು. ಕುಡಿಯುವುದು, ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗುವುದು, ಬರುವುದು, ಮತ್ತೆ ಲೋಟ ಮುಂದೆ ಚಾಚುವುದು. ಅಪ್ಪ ಒಂದು ಸಲ ತಡೆದರು.

"ಅಪ್ಪಾ, ನೀರು ಒಸಿ ನೋಡ್ಕಂಡು ಕುಡಿ. ಎಲ್ರಿಗೂ ಬೇಕಲ್ಲ."

ತಾತ ಲೋಟ ಕೆಳಗಿಟ್ಟರು. ಅಮ್ಮ ಅದನ್ನು ನೋಡಿದಳು, ಅವಳಿಗೆ ಪಿತ್ತ ನೆತ್ತಿಗೇರಿತು.

"ಫ್ರೀಮಾಂಟಲ್ಲಿ ಇದ್ದಿದ್ರೆ ಒಂದು ಲೋಟ ನೀರಿಗೆ ಈ ಗತಿ ಬರ್ತಿತ್ತೇನ್ರೀ? ಬೆಟ್ಟ ಬೇಕಂತೆ ಬೆಟ್ಟ. ತಗೊಳ್ಳಿ, ಕೂತ್ಕೊಳ್ಳಿ ಬೆಟ್ಟದ ಮೇಲೆ."

"ಶುರು ಮಾಡಬೇಡ ಸುಧಾ. ಕೈ ಮುಗೀತೀನಿ."

ಆಮೇಲೆ ದಿನವಿಡೀ ಇಬ್ಬರೂ ಮಾತಾಡಲಿಲ್ಲ. ಒಂದೇ ಕೋಣೆಯಲ್ಲಿ, ಒಂದೇ ಬೆಂಕಿಯ ಮುಂದೆ, ಮಂಡಿಗೆ ಮಂಡಿ ತಾಗಿಸಿಕೊಂಡು ಮುನಿಸಿಕೊಂಡಿರುವುದು ಎಷ್ಟು ಕಷ್ಟ ಅನ್ನುವುದನ್ನು ಅವತ್ತು ಕಲಿತೆ.

ಭಾನುವಾರ ಬೆಳಿಗ್ಗೆ ತಾತ ಏಳಲಿಲ್ಲ. ಕರೆದರೆ ಹ್ಞೂಂ ಅನ್ನುತ್ತಿದ್ದರು, ಕಣ್ಣು ತೆರೆಯುತ್ತಿರಲಿಲ್ಲ. ಎರಡು ಸಲ ವಾಂತಿಯಾಯಿತು. ಉಸಿರಿನಲ್ಲಿ ಕಳಿತ ಹಣ್ಣಿನ ವಾಸನೆ ಬರುತ್ತಿತ್ತು. ಅಮ್ಮ ಡಬ್ಬಿಯೊಳಗಿನ ಮಡಿಸಿದ ಕಾಗದವನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು. ಸಾಸಿವೆಗಿಂತ ಸಣ್ಣ ಅಕ್ಷರ, ಅವಳ ಕಣ್ಣಿಗೆ ಹಿಡಿಯಲಿಲ್ಲ.

"ಪುಟ್ಟಿ, ನಿನ್ನ ಕಣ್ಣು ಚೆನ್ನಾಗಿದೆ. ಐಸು ಅಂತ ಎಲ್ಲಾದರೂ ಬರೆದಿದೆಯಾ ನೋಡೇ."

ಬರೆದಿತ್ತು. ನಾನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದಿದೆ. ಹೆಪ್ಪುಗಟ್ಟಲು ಬಿಡಬಾರದು. ಒಮ್ಮೆ ಹೆಪ್ಪುಗಟ್ಟಿದ್ದನ್ನು ಕರಗಿದ ಮೇಲೂ ಬಳಸಬಾರದು. ಎರಡು ದಿನ ತಾತನ ಮೈಗೆ ಹೋದದ್ದು ಬರೀ ನೀರು, ಹಾಗೆ ಮಾಡಿದವಳು ನಾನು. ಅಪ್ಪನ ಮುಖ ಬಿಳಿಚಿಕೊಂಡಿತು. ಕರಗಿಸಿ ಕೊಡಿ ಅಂದವರು ಅವರೇ ಅಲ್ಲವೇ, ಆ ಸಂಕಟವೆಲ್ಲ ಸಿಟ್ಟಾಗಿ ಹೊರಗೆ ಬಂತು.

"ಯಾರು ಅದನ್ನ ಹೊರಗಿಟ್ಟಿದ್ದು? ಯಾರು?"

ಅಮ್ಮ ಬೆಂಕಿ ನೋಡುತ್ತಾ ಮೆಲ್ಲಗೆ ಹೇಳಿದಳು.

"ನಾನೇ. ಬಾಗಿಲಿನದ್ದೆಲ್ಲ ತೆಗೆದವಳು ನಾನೇ."

"ತಲೆಯಲ್ಲಿ ಏನು ತುಂಬ್ಕೊಂಡಿದ್ದೀಯ? ನಮ್ಮಪ್ಪನ್ನ ಸಾಯಿಸೋಕೆ ಕರೆಸಿಕೊಂಡ್ಯಾ ಇಲ್ಲಿಗೆ?"

ಕಾಗದ ನನ್ನ ಕೈಯಲ್ಲೇ ಇತ್ತು. ಅಮ್ಮ ಒಂದು ಸಲ ತಿರುಗಿ ನನ್ನನ್ನು ನೋಡಿದಳು. ಸುಮ್ಮನಿರು, ನಾನು ನೋಡಿಕೊಳ್ಳುತ್ತೇನೆ ಅಂತ ಕಣ್ಣಲ್ಲೇ ಹೇಳುತ್ತಿದ್ದಾಳೆ ಅಂದುಕೊಂಡೆ. ಎಷ್ಟು ದೊಡ್ಡ ಮನಸ್ಸು ಅಮ್ಮನದು ಅಂತ ಅಳು ಬಂತು. ಸುಮ್ಮನಿದ್ದೆ.

ಅಪ್ಪ ಮುಂದಿನ ಮಾತಿಗೆ ನಿಲ್ಲಲಿಲ್ಲ. ಬೂಟಿನ ಮೇಲೆ ಎರಡು ಜೊತೆ ಉಣ್ಣೆಯ ಕಾಲುಚೀಲ ಎಳೆದುಕೊಂಡರು, ಹಾಗೆ ಮಾಡಿದರೆ ಐಸಿನ ಮೇಲೆ ಜಾರುವುದಿಲ್ಲ ಅಂತ ಎಲ್ಲೋ ಕೇಳಿದ್ದರಂತೆ. ಪೊರಕೆಯ ಕೋಲು ಊರಿಕೊಂಡು ಇಳಿಜಾರಿನಲ್ಲಿ ಹೊರಟರು. ಹೋಗುವಾಗ ಎರಡು ಸಲ ಬಿದ್ದದ್ದನ್ನು ಕಿಟಕಿಯಿಂದ ನೋಡಿದೆ, ಆಮೇಲೆ ತಿರುವಿನಲ್ಲಿ ಕಾಣಲಿಲ್ಲ. ಮಧ್ಯಾಹ್ನ ದಾಟಿದ ಮೇಲೆ ಗರಗಸದ ಸದ್ದು ಕೇಳಿಸಿತು. ಕೆಳಗಿನ ಮನೆಯಲ್ಲಿ ಒಬ್ಬ ಬಿಳಿಯ ಮುದುಕ ಒಂಟಿಯಾಗಿದ್ದ, ಅವನ ಹತ್ತಿರ ಹೊರಗಿನವರ ಜೊತೆ ಮಾತಾಡುವ ರೇಡಿಯೋ ಇತ್ತು. ಅವನು ಕರೆಸಿದ ಫೈರ್ ಟ್ರಕ್ಕಿನವರು ಚಕ್ರಕ್ಕೆ ಸರಪಳಿ ಸುತ್ತಿಕೊಂಡು, ಮರ ಕೊಯ್ಯುತ್ತ ಕೊಯ್ಯುತ್ತ ಅಪ್ಪನನ್ನೂ ಕೂರಿಸಿಕೊಂಡು ಮೇಲೆ ಹತ್ತಿ ಬಂದರು. ತಾತನನ್ನು ಕಂಬಳಿ ಸಮೇತ ಕಟ್ಟಿ ಹೊತ್ತುಕೊಂಡು ಹೋದರು. ಜೊತೆಗೆ ಒಬ್ಬರಿಗೇ ಜಾಗ ಅಂದರು, ಅಪ್ಪ ಹತ್ತಿದರು. ಅಮ್ಮನ ಕಡೆ ತಿರುಗಿ ನೋಡಲಿಲ್ಲ.

ಮಾರನೆಯ ದಿನ ರಸ್ತೆ ಪೂರ್ತಿ ತೆರೆಯುವವರೆಗೆ ಮನೆಯಲ್ಲಿ ನಾವಿಬ್ಬರೇ. ಅಮ್ಮ ತಾತನ ಹಾಸಿಗೆ ಮಡಿಸಿದಳು, ನೆಲ ಒರೆಸಿದಳು, ನನಗೆ ಗಂಜಿ ಕಾಯಿಸಿ ಕೊಟ್ಟಳು. ಕುಡಿಯುತ್ತಿರುವಾಗ ನನ್ನ ತಲೆ ಸವರುತ್ತ, ಯಾರಿಗೋ ಹೇಳುವವಳ ಹಾಗೆ ಹೇಳಿದಳು.

"ಮಾವ ಹೋಗಿಬಿಟ್ಟರೆ ನಾನು ಯಾರಿಗೆ ಮುಖ ತೋರಿಸಲಿ?"

ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತು ಮತ್ತೆ ಬರಲಿಲ್ಲ. ನಾನು ಗಂಜಿ ಕುಡಿದೆ.

ತಾತ ಉಳಿದರು. ಆಸ್ಪತ್ರೆಯಿಂದ ಬಂದ ಮೊದಲ ಬೆಳಿಗ್ಗೆ ಅಭ್ಯಾಸದಂತೆ ಅಮ್ಮನ ಮುಂದೆ ತೋಳು ಚಾಚಿದರು. ಅಪ್ಪ ನಡುವೆ ಬಂದು, ಇನ್ನು ಮೇಲೆ ನಾನೇ ಹಾಕುತ್ತೇನೆ ಅಂತ ಸೂಜಿ ಕಿತ್ತುಕೊಂಡರು. ತಿಂಗಳು ತುಂಬುವುದರೊಳಗೆ ಚಿಕ್ಕಪ್ಪ ಬಂದು ತಾತನನ್ನು ಊರಿಗೆ ಕರೆದುಕೊಂಡು ಹೋದರು. ಏರ್‌ಪೋರ್ಟಿನಲ್ಲಿ ಕಾಲಿಗೆ ಬಿದ್ದ ಅಮ್ಮನನ್ನು ತಾತ ಎತ್ತಿದರು.

"ನೀನೇನು ಬೇಕೂಂತ ಮಾಡಿದ್ಯಾ? ಬುಡವ್ವ ಅತ್ಲಾಗೆ."

ಅವರ ಬಾಯಲ್ಲಿ ಅದು ಕ್ಷಮೆ. ಅವರು ಮತ್ತೆ ಈ ಕಡೆ ಬರಲಿಲ್ಲ.

ಸಿಟ್ಟು ಇಳಿದ ಮೇಲೆ ಅಪ್ಪನಿಗೆ ಅದು ಕತೆಯಾಯಿತು. ಕೆಟ್ಟ ಮನುಷ್ಯ ಅಲ್ಲ ನಮ್ಮಪ್ಪ, ಆದರೆ ನಾಲ್ಕು ಜನ ಸೇರಿದರೆ ನಗಿಸಬೇಕು ಅವರಿಗೆ. ಲಿವರ್‌ಮೋರಿನ ದೇವಸ್ಥಾನದ ಊಟದ ಸಾಲಿನಲ್ಲಿ, ಯುಗಾದಿಯಲ್ಲಿ, ಯಾರದೋ ಮಗುವಿನ ಹುಟ್ಟುಹಬ್ಬದಲ್ಲಿ, ಎಲ್ಲ ಕಡೆ.

"ನಮ್ಮನೆಯವಳ ಕೈಗೆ ಔಷಧಿ ಗೀಷಧಿ ಕೊಡಬೇಡ್ರಪ್ಪ, ಡೆಕ್ಕಿನ ಮೇಲಿಟ್ಟು ಬರ್ತಾಳೆ!"

ಎಲ್ಲರೂ ನಗುತ್ತಿದ್ದರು. ಅಮ್ಮನೂ ನಕ್ಕು ಇನ್ನೊಂದು ಸುತ್ತು ಬಡಿಸುತ್ತಿದ್ದಳು. ಪ್ರತಿ ಸಲವೂ ನಾನು ತಟ್ಟೆ ನೋಡುತ್ತಿದ್ದೆ, ಪ್ರತಿ ಸಲವೂ ನನಗಾಗಿ ಇದನ್ನು ನುಂಗುತ್ತಿದ್ದಾಳಲ್ಲ ಅಂತ ಅವಳ ಮೇಲೆ ಪ್ರೀತಿ ಉಕ್ಕುತ್ತಿತ್ತು. ಆ ಪ್ರೀತಿಯಲ್ಲಿ ಬೆಚ್ಚಗೆ ಬೆಳೆದೆ ನಾನು. ನನ್ನ ತಪ್ಪಿಗೆ ಯಾರೋ ಒಬ್ಬರು ಮುಂದೆ ನಿಲ್ಲುತ್ತಾರೆ ಅನ್ನುವ ಧೈರ್ಯ ಹೇಗೋ ಬಂದುಬಿಟ್ಟಿತು. ಇವತ್ತಿಗೂ ಆಫೀಸಿನ ಮೀಟಿಂಗಿನಲ್ಲಿ ಯಾರು ಮಾಡಿದ್ದು ಅಂತ ಪ್ರಶ್ನೆ ಬಂದರೆ ನಾನು ಮೊದಲು ಸುಮ್ಮನಾಗುತ್ತೇನೆ, ಇನ್ನೊಬ್ಬರು ಬಾಯಿ ಬಿಡುತ್ತಾರೇನೋ ಅಂತ ಕಾಯುತ್ತೇನೆ. ಈ ಗುಣ ನನಗೆ ಇಷ್ಟವಿಲ್ಲ. ಇದು ಎಲ್ಲಿಂದ ಬಂತು ಅಂತ ನನಗೆ ಚೆನ್ನಾಗಿ ಗೊತ್ತು.

ಅಮ್ಮನೂ ಬದಲಾದಳು. ಒಲೆ ಆರಿಸಿದೆನಾ ನೋಡು, ಬೀಗ ಹಾಕಿದೆನಾ ನೋಡು, ಇದನ್ನು ಇಲ್ಲಿ ಇಟ್ಟದ್ದು ನಾನೇನಾ, ನೀನು ನೋಡಿದ್ಯಾ ಅಂತ ಒಂದೊಂದಕ್ಕೂ ಮೂರು ಮೂರು ಸಲ ಕೇಳುವಳು. ವಯಸ್ಸಾಯಿತು ಅಂತ ನಾವು ತಮಾಷೆ ಮಾಡಿದೆವು. ಆಗ ಅವಳಿಗೆ ನಲವತ್ತು ಕೂಡ ಆಗಿರಲಿಲ್ಲ.

ಅಪ್ಪ ಹೋಗಿ ಒಂದು ವರ್ಷ ಕಳೆದ ಮೇಲೆ, ಮೊನ್ನೆ ಚಳಿಗಾಲದಲ್ಲಿ, ಫ್ರೀಮಾಂಟಿನ ನನ್ನ ಮನೆಯಲ್ಲಿ ಮಧ್ಯಾಹ್ನ ಇಬ್ಬರೂ ಅವರೆಕಾಯಿ ಬಿಡಿಸುತ್ತ ಕೂತಿದ್ದೆವು. ಅಪ್ಪನ ಮಾತು ಬಂತು, ಅವರ ಡೆಕ್ಕಿನ ತಮಾಷೆಯ ಮಾತೂ ಬಂತು. ಇಷ್ಟು ವರ್ಷಗಳಲ್ಲಿ ನಾನು ಒಂದು ದಿನವೂ ಅವಳಿಗೆ ಥ್ಯಾಂಕ್ಸ್ ಹೇಳಿಲ್ಲ ಅನ್ನಿಸಿತು.

"ಅಮ್ಮ, ಅವತ್ತು ನನ್ನ ತಪ್ಪನ್ನ ನಿನ್ನ ಮೇಲೆ ಹಾಕ್ಕೊಂಡೆ ನೀನು. ನಾನು ಮರೆತಿಲ್ಲ."

"ಯಾವ ತಪ್ಪೇ?"

"ತಾತನ ಇನ್ಸುಲಿನ್ನು. ನಾನು ಇಟ್ಟೆ ಅಂತ ಗೊತ್ತಿದ್ದೂ ಅಪ್ಪನ ಹತ್ತಿರ ನಾನೇ ಅಂದೆಯಲ್ಲ."

ಅಮ್ಮನ ಕೈ ನಿಂತಿತು. ಅವಳು ನನ್ನ ಮುಖವನ್ನು ನೋಡಿದ ಬಗೆಯಲ್ಲೇ ನನಗೆ ತಿಳಿಯಿತು, ತಿಳಿದ ಕೂಡಲೇ ಆಡಿದ ಮಾತನ್ನು ವಾಪಸು ತೆಗೆದುಕೊಳ್ಳುವ ಹಾಗಿದ್ದರೆ ಅನ್ನಿಸಿತು. ಅವಳಿಗೆ ಗೊತ್ತೇ ಇರಲಿಲ್ಲ. ಅವತ್ತು ಅವಳು ನನ್ನ ಕಡೆ ತಿರುಗಿದ್ದು ಮಗಳ ಎದುರಿಗೆ ಬೈಸಿಕೊಂಡ ನಾಚಿಕೆಗೆ, ಅಷ್ಟೇ. ಉಳಿದದ್ದನ್ನೆಲ್ಲ ನನ್ನ ಅನುಕೂಲಕ್ಕೆ ನಾನೇ ಕಟ್ಟಿಕೊಂಡಿದ್ದೆ.

"ಬೆಣ್ಣೆ ಗೂಡಿನದ್ದು ನೀನು ತೆಗೆದದ್ದಾ?"

"ಹ್ಞೂಂ ಅಮ್ಮ."

"ನಾನು ಅಲ್ವಾ?"

"ಅಲ್ಲ ಅಮ್ಮ."

"ಬಾಗಿಲಿನದ್ದೆಲ್ಲ ನಾನೇ ತೆಗೆದೆನಲ್ಲ, ಅದನ್ನೂ ತೆಗೆದಿರ್ತೀನಿ ಅಂದ್ಕೊಂಡೆ. ತೆಗೆದ ನೆನಪೇ ಇರಲಿಲ್ಲ ನಂಗೆ. ಎಷ್ಟು ಸಲ ನೆನಪು ಮಾಡ್ಕೊಂಡಿದ್ದೀನಿ ಗೊತ್ತಾ? ನೆನಪಿಲ್ಲದೆ ಒಂದು ಜೀವ ತೆಗೆಯೋಕೆ ಹೋದೋಳು ಇನ್ನೇನು ಮಾಡಲ್ಲ ಅಂತ ನನ್ನ ಕೈಯನ್ನ ನಾನೇ ನಂಬಲಿಲ್ಲ ಕಣೇ."

ಅಮ್ಮ ಸಿಪ್ಪೆಗಳನ್ನು ಒಂದು ಕಡೆಗೆ ಸರಿಸಿದಳು.

"ನಿಮ್ಮಪ್ಪ ಇರೋವಾಗ ಹೇಳಬಾರದಾಗಿತ್ತೇನೇ?"

ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಅವರೆಕಾಯಿಯ ಮುಂದೆ ಹಾಗೇ ಕೂತಿದ್ದೆ. ಅರ್ಧ ಗಂಟೆ ಆಯಿತೋ ಒಂದು ಗಂಟೆ ಆಯಿತೋ, ಬಾಗಿಲು ತೆರೆಯಿತು. ಮುಖ ತೊಳೆದುಕೊಂಡಿದ್ದಳು. ಬಂದು ನನ್ನ ಎದುರಿಗೆ ಕುರ್ಚಿ ಎಳೆದುಕೊಂಡು ಕೂತಳು.

"ಇನ್ನೊಂದು ಸಲ ಹೇಳು. ಮೊದಲಿಂದ ಹೇಳು."

ಹೇಳಿದೆ. ತರಕಾರಿ ಮುಗಿಸಿದ್ದು, ಮುಚ್ಚಳ ತೆರೆದದ್ದು, ಮೊಸರಿನ ಪಕ್ಕ ಇಟ್ಟದ್ದು, ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ನನ್ನ ದನಿ ಕುಸಿಯಿತು. ಅಮ್ಮ ತಲೆಯಾಡಿಸಿದಳು.

"ಹೀಗಲ್ಲ. ಜೋರಾಗಿ ಹೇಳು."

"ನಾನು ಇಟ್ಟೆ ಅಮ್ಮ," ಅಂದೆ, ಪಕ್ಕದ ಮನೆಗೂ ಕೇಳಿಸುವಷ್ಟು ಜೋರಾಗಿ. "ನೀನಲ್ಲ."